ಫ್ಲಡ್‌ಲೈಟು, ಹಲ್ಲಿ, ಅರುಂಧತಿ

ಚಿತ್ರದುರ್ಗದ ಕೋಟೆ ರಸ್ತೆ, ರಾತ್ರಿ ಎಂಟು ಗಂಟೆ. ಶೆಟ್ರು ಬಗಲಲ್ಲಿ ರಟ್ಟಿನ ಡಬ್ಬಿ ಇರುಕಿಕೊಂಡೇ ಮಿರ್ಚಿ ಗಾಡಿ ಹತ್ರ ಬಂದ್ರು. ಒಳಗೆ ಫ್ಲಡ್‌ಲೈಟು. ಡಬ್ಬಿ ಮೇಲೆ 100 ವಾಟ್, 6500 ಕೆ ಅಂತಿತ್ತು, ಅಂದ್ರೆ ನೀಲಿ ಬೆರೆತ ಬಿಳಿ ಬೆಳಕು.

"ಕಳ್ಳಕಾಕರ ಕಾಲ ಕಣಯ್ಯ. ಮನೆ ಮುಂದೆ ರಾತ್ರೀನೇ ಹಗಲು ಮಾಡಿಬಿಡ್ತೀನಿ."

ವೈರಿಂಗ್ ತಿಪ್ಪೇಶಿ ಒಂದು ಮುಷ್ಟಿ ಮಂಡಕ್ಕಿ ಬಾಯಿಗೆ ಎಸ್ಕೊಂಡ. "ಹಗಲು ಯಾರಿಗೆ? ಎದುರು ಮನೆಯೋರ ಬೆಡ್‌ರೂಮಿಗಾ? ಈ ಗಾಡಿ ಬಲ್ಬು ನೋಡ್ರಿ, ಕಣ್ಣಿನ ಮಟ್ಟಕ್ಕೆ ನೇತಾಡ್ತೈತೆ. ಅದರಾಚೆ ಬೇವಿನ ಮರದಡಿ ಏನ್ ಕಾಣ್ತೈತೆ?"

"ಏನೂ ಇಲ್ಲ. ಕಪ್ಪು."

"ಈಗ ಬಲ್ಬಿಗೆ ಅಂಗೈ ಅಡ್ಡ ಹಿಡಿದು ನೋಡ್ರಿ."

ಶೆಟ್ರು ಹಿಡಿದ್ರು. ಮರದಡಿ ಮೊದಲು ಒಂದು ಬೈಕು ಮೂಡಿತು. ಆಮೇಲೆ ಬೈಕಿನ ಮೇಲೆ ಕೂತ ಮನುಷ್ಯ. ಆಮೇಲೆ, ಆ ಮನುಷ್ಯ ಶೆಟ್ರ ಚೀಟಿಯಲ್ಲಿ ಎರಡು ಕಂತು ಬಾಕಿ ಉಳಿಸಿಕೊಂಡಿರೋನು ಅನ್ನೋದು.

"ಲೇ ಇವ್ನೇ!" ಅನ್ನೋದರೊಳಗೆ ಬೈಕು ಹೊರಟೇ ಹೋಯ್ತು.

"ಇಷ್ಟೇ ಪರೀಕ್ಷೆ," ಅಂದ ತಿಪ್ಪೇಶಿ. "ದೀಪ ಮರೆಮಾಡಿದಾಗ ಜಾಸ್ತಿ ಕಂಡ್ರೆ ಆ ದೀಪ ನಿಮ್ಮ ಕಣ್ಣಿಗೇ ಶತ್ರು. ಫ್ಲಡ್‌ಲೈಟು ಓರೆಯಾಗಿ ಕಟ್ಟಿದ್ರೆ ಕಣ್ಣಿನ ಪಾಪೆ ಕಿರಿದಾಗ್ತೈತೆ, ಕಾಂಪೌಂಡಿನ ನೆರಳು ಇನ್ನೂ ಕಪ್ಪಾಗ್ತೈತೆ. ಕಳ್ಳನಿಗೆ ಅಲ್ಲೇ ಸೀಟು ರಿಸರ್ವು. ಸಿಸಿಟಿವಿ ಎದುರಿಗೆ ಬಿತ್ತೋ, ಮುಖದ ಜಾಗದಲ್ಲಿ ಬರೀ ಕರೀ ಬೊಂಬೆ."

"ಲೈಟಿದ್ರೆ ಕಳ್ಳತನ ಕಮ್ಮಿ ಅಂತ ಊರಿಗೆಲ್ಲ ಗೊತ್ತು," ಅಂದ್ರು ಶೆಟ್ರು.

ಮೇಷ್ಟ್ರು ಇಷ್ಟು ಹೊತ್ತು ಮೆಣಸಿನಕಾಯಿ ತೊಟ್ಟು ಬಿಡಿಸ್ತಿದ್ರು. "ಅರ್ಧ ನಿಜ. ನ್ಯೂಯಾರ್ಕಿನಲ್ಲಿ 2016ರಲ್ಲಿ ಸರ್ಕಾರಿ ವಸತಿ ಬಡಾವಣೆಗಳಿಗೆ ದೀಪದ ಗೋಪುರ ತಂದಿಟ್ಟಾಗ, ರಾತ್ರಿ ಹೊರಗೆ ನಡೆಯೋ ದೊಡ್ಡ ಅಪರಾಧ ಶೇ. 36 ಇಳಿದವು. ಅದಕ್ಕೂ ಮೊದಲು ಷಿಕಾಗೊದಲ್ಲಿ ಹಿತ್ತಲ ಓಣಿಗಳ 90 ವಾಟ್ ದೀಪ ಕಿತ್ತು 250 ವಾಟ್ ಹಾಕಿದ್ರು. ಅಲ್ಲಿ ದಾಖಲಾದ ಅಪರಾಧ ಶೇ. 21 ಏರಿತು. ಬೆಳಕಲ್ಲಿ ಕಣ್ಣಿಗೆ ಬಿದ್ದದ್ದು ಜಾಸ್ತಿ ಆಗಿರಬಹುದು, ಅದು ಬೇರೆ ಮಾತು. ಆದ್ರೆ ವಾಟ್ ಏರಿಸಿದ್ರೆ ಭಯ ಇಳಿದೀತು, ಕಳ್ಳ ಇಳಿಯೋ ಗ್ಯಾರಂಟಿ ಇಲ್ಲ."

"ಷಿಕಾಗೊ ಬಿಡ್ರಿ. ಓಬವ್ವನ ಕಿಂಡಿ ಹತ್ರ ಇಂಥದ್ದೊಂದು ಲೈಟಿದ್ದಿದ್ರೆ ಹೈದರನ ಸೈನ್ಯ ನುಗ್ತಿತ್ತಾ?"

"ಶೆಟ್ರೆ, ಕಾವಲಿನ ಗಂಡ ಮಧ್ಯಾಹ್ನದ ಊಟಕ್ಕೆ ಕೂತಿದ್ದ, ಆಕೆ ನೀರಿಗೆ ಬಂದಿದ್ಲು ಅಂತಲೇ ಅಲ್ವಾ ಕಥೆ? ಸೂರ್ಯನಿಗಿಂತ ದೊಡ್ಡ ಫ್ಲಡ್‌ಲೈಟು ಯಾವ ಅಂಗಡೀಲಿ ಸಿಗ್ತೈತೆ?"

ಗಾಡಿಯವನು ಜಾಲರಿ ಸೌಟು ಕೆಳಗಿಟ್ಟು ನಕ್ಕ. ಶೆಟ್ರು ಡಬ್ಬೀನ ಬೆಂಚಿನ ಕೆಳಗೆ ಸರಿಸಿದ್ರು. "ಹಂಗಾದ್ರೆ ಏನ್ ಹಾಕ್ಲಿ?"

"9 ವಾಟ್ ಸಾಕು," ಅಂದ ತಿಪ್ಪೇಶಿ. "ಬೆಳಕು ಹಳದಿ ಇರಲಿ, 3000 ಕೆ ದಾಟಬಾರದು. ಗೇಟಿನ ಮೇಲೆ ಎರಡೂವರೆ ಮೀಟರ್ ಎತ್ತರ, ಮುಖ ನೇರ ನೆಲಕ್ಕೆ. ನಿಮ್ಮ 100 ವಾಟ್ ದಿನಕ್ಕೆ 12 ಗಂಟೆ ಉರಿದ್ರೆ ತಿಂಗಳಿಗೆ 36 ಯೂನಿಟ್. ಇದು ಮೂರು ಚಿಲ್ಲರೆ. ಮೋಷನ್ ಸೆನ್ಸರ್ ಇಟ್ರೆ ಅದೂ ಇಲ್ಲ. ಆದ್ರೆ ಸೆನ್ಸರ್ ಅಂದ್ರೆ ಹುಡುಗಾಟ ಅಲ್ಲ. ಅದು ನೋಡೋದು ಓಡಾಡೋ ಶಾಖ. ಎದುರಿಂದ ನೆಟ್ಟಗೆ ಬರೋನನ್ನ ತಡವಾಗಿ ಹಿಡಿತೈತೆ, ಅಡ್ಡ ಹಾಯೋನನ್ನ ತಕ್ಷಣ. ಅದಕ್ಕೇ ನಡೆಯೋ ದಾರಿಗೆ ಅಡ್ಡಲಾಗಿ ಕಟ್ಟಬೇಕು. ರಸ್ತೆ ಕಡೆ ತಿರುಗಿಸಿದ್ರೆ ಹೋಗೋ ಬರೋ ಆಟೋಕ್ಕೆಲ್ಲ ಸಲಾಂ ಹೊಡಿತೈತೆ. ಏಸಿಯ ಬಿಸಿಗಾಳಿ ತಾಗಬಾರದು. ಬೇಸಿಗೆಯಲ್ಲಿ ಗಾಳಿ ಬಿಸಿಯೂ ಮೈಬಿಸಿಯೂ ಹತ್ತಿರ ಹತ್ತಿರ ಬಂದ್ರೆ ಅದಕ್ಕೆ ಮನುಷ್ಯನೇ ಕಾಣಲ್ಲ. ಎಲ್ಲಕ್ಕಿಂತ ದೊಡ್ಡ ಶತ್ರು ಹಲ್ಲಿ."

"ಹಲ್ಲಿಯಾ?"

"ಬಿಳಿ ದೀಪಕ್ಕೆ ಹುಳ ಮುತ್ತತಾವೆ, ಹುಳಕ್ಕೆ ಹಲ್ಲಿ ಬರ್ತೈತೆ, ಹಲ್ಲಿ ಸೆನ್ಸರಿನ ಮೇಲೇ ಓಡಾಡ್ತೈತೆ. ರಾತ್ರಿಯೆಲ್ಲ ಹತ್ತಿ ಆರಿ, ಹತ್ತಿ ಆರಿ. ಹಳದಿ ದೀಪಕ್ಕೆ ಹುಳ ಕಮ್ಮಿ. ಕತ್ತಲಾದ್ರೆ ತಾನೇ ಹತ್ತೋ ಫೋಟೋಸೆಲ್ ತಂದ್ರೆ ಇನ್ನೊಂದು ತಮಾಷೆ: ತನ್ನ ದೀಪ ತನಗೇ ಕಂಡ್ರೆ ಬೆಳಗಾಯ್ತು ಅಂತ ಆರಿಸ್ತೈತೆ, ಕತ್ತಲಾಯ್ತು ಅಂತ ಮತ್ತೆ ಹತ್ತಿಸ್ತೈತೆ. ಅದನ್ನ ದೀಪದ ಬೆನ್ನಿಗೆ ಕಟ್ಟಬೇಕು."

ಮೇಷ್ಟ್ರು ಬಡಗಣ ಆಕಾಶಕ್ಕೆ ಬೆರಳು ತೋರಿಸಿದ್ರು. "ಸಪ್ತರ್ಷಿ ಐತಲ್ಲ, ಬಾಲದ ನಡುವಿನ ವಸಿಷ್ಠ ಕಾಣ್ತಾನೆ. ಪಕ್ಕದಲ್ಲಿ ಅರುಂಧತಿ ಕಾಣ್ತಾಳಾ?"

"ಮದುವೇಲಿ ಕಂಡಿದ್ಲು."

"ಮದುವೇಲಿ ತೋರಿಸಿದ್ದು ಹಗಲಲ್ಲಿ! ಎಲ್ಲರೂ ಕಂಡೆ ಅಂತ ತಲೆಯಾಡಿಸ್ತಾರೆ, ಕಂಡಿರೋದು ಪುರೋಹಿತರ ಬೆರಳು. ವಸಿಷ್ಠ 2.2ನೇ ಕಾಂತಿಮಾನ, ಆಕೆ 4; ಅಂಕಿ ದೊಡ್ಡದಾದಷ್ಟು ನಕ್ಷತ್ರ ಮಂಕು. ಆಕೆ ಮಸುಕಾದಳು ಅಂದ್ರೆ ಊರಿನ ಬೆಳಕು ಮೇಲಕ್ಕೆ ಸೋರ್ತಿದೆ ಅಂತ ಅರ್ಥ. 6500 ಕೆ ದೀಪದಲ್ಲಿ ನೀಲಿ ಜಾಸ್ತಿ. 450 ನ್ಯಾನೊಮೀಟರಿನ ನೀಲಿ ಬೆಳಕು 600ರ ಕಿತ್ತಳೆಗಿಂತ ಮೂರು ಪಟ್ಟು ಗಾಳಿಯಲ್ಲಿ ಚದುರ್ತೈತೆ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗೋಕೆ 20ರಿಂದ 30 ನಿಮಿಷ ಬೇಕು. ಮಧ್ಯದಲ್ಲಿ ಒಂದ್ಸಲ ಮೊಬೈಲ್ ನೋಡಿದ್ರೆ ಬಹುಪಾಲು ಮತ್ತೆ ಮೊದಲಿಂದ. ಗುಡ್ಡದ ಮೇಲಿನ ಗಾಳಿ ಫ್ಯಾನಿನ ಕೆಂಪು ದೀಪ ಅಷ್ಟು ಕೆಡಿಸಲ್ಲ."

"ಇಷ್ಟೆಲ್ಲ ಹೇಳಿ ನನ್ನ ಬಲ್ಬು ಹಿಂಗೇ ಬಿಡ್ತೀರಾ?" ಅಂದ ಗಾಡಿಯವನು.

ತಿಪ್ಪೇಶಿ ಎದ್ದು ಸ್ವಿಚ್ ಆರಿಸಿದ. ಖಾಲಿ ಡಾಲ್ಡಾ ಡಬ್ಬಿಯ ತಳಕ್ಕೆ ತೂತು ಕೊರೆದು, ತಗಡಿನ ಅಂಚು ವೈರ್ ಕೊಯ್ದರೆ ಡಬ್ಬಿಗೇ ಕರೆಂಟ್ ಹೊಡೀತದೆ ಅಂತ ರಬ್ಬರ್ ಬುಷ್ ತುರುಕಿ, ಹೋಲ್ಡರ್ ಇಳಿಸಿದ. ಬಲ್ಬಿನ ಸುತ್ತ ಎರಡು ಬೆರಳು ಜಾಗ, ಮೇಲೆ ಗಾಳಿಗೆ ನಾಲ್ಕು ತೂತು, ಇಲ್ಲದಿದ್ರೆ ಬಿಸಿಗೆ ಬಲ್ಬಿನೊಳಗೆ ಕರೆಂಟ್ ಹದ ಮಾಡೋ ಡ್ರೈವರ್ ಸರ್ಕ್ಯೂಟು ಬೇಗ ಸಾಯ್ತದೆ. ಸ್ವಿಚ್ ಹಾಕಿದ್ರೆ ಬೆಳಕೆಲ್ಲ ಬಾಣಲೆ ಮೇಲೆ.

ಅಷ್ಟರಲ್ಲಿ ಬೇವಿನ ಮರದಡಿ ಒಂದು ಬೈಕು ಮೆಲ್ಲಗೆ ಬಂದು ನಿಂತಿತು. ಬೈಕಿನವನು, ಕತ್ತಲು ಮೊದಲಿನಷ್ಟೇ ಇದೆ ಅನ್ನೋ ಧೈರ್ಯದಲ್ಲಿ, ಕಾಲು ಚಾಚಿ ಕೂತ.

ಶೆಟ್ರು ಈ ಸಲ ಅಂಗೈ ಎತ್ತಲೇ ಇಲ್ಲ. "ಬಾರಪ್ಪ ಬಾ," ಅಂದ್ರು, "ಮಿರ್ಚಿ ಬಿಸಿ ಐತೆ."