ತವರು ಮನಿ ಗುಂಪು: ದೊಡ್ಡಪ್ಪ ಹಾಕಿದ ರೆಪ್ಪಿ ಫೋಟೋ

ದೊಡ್ಡಪ್ಪ ಗಂಗಾವತಿ: (ಫಾರ್ವರ್ಡ್ ಫೋಟೋ. ಎಡಕ್ಕ ಒಂದು ರೆಪ್ಪಿ ಪೂರ್ತಿ ಜೋತುಬಿದ್ದ ಕೂಸು, ಬಲಕ್ಕ ಅದೇ ಕೂಸು ಎರಡೂ ಕಣ್ಣು ಪಿಳಿಪಿಳಿ. ಕೆಳಗ "ಒಂದೇ ಗಂಟೆಯಲ್ಲಿ ಶಾಶ್ವತ ಪರಿಹಾರ")

ದೊಡ್ಡಪ್ಪ ಗಂಗಾವತಿ: ನೋಡ್ರಪಾ ಎಲ್ಲಾರೂ. ನಮ್ಮ ಸಿಂಧನೂರು ಪುಟ್ಟಿಗೂ ಹಿಂಗ ರೆಪ್ಪಿ ಬಿದ್ದೈತಲ್ಲ, ಇದನ್ನ ಮಾಡ್ಸಿಬಿಡೋಣು. ಮುಂದಿನ ತಿಂಗಳ ಮದುವಿ ಫೋಟೋದಾಗ ಕೂಸು ಛಂದ ಕಾಣ್ಬೇಕು

ತಮ್ಮ ಸಿಂಧನೂರು: ದೊಡ್ಡಪ್ಪ ಇದು ಯಾವ ಆಸ್ಪತ್ರಿ? ನೋಡಿ ನಮ್ಮಾಕಿ ಅಳಾಕತ್ಯಾಳ 🙏

ಚಿಗವ್ವ ರಾಯಚೂರು: ಅಷ್ಟು ಸಣ್ಣ ಕೂಸಿಗೆ ಕತ್ತರಿ ಹಾಕ್ಸೋದು ಬ್ಯಾಡ. ಅದರವ್ವ ಬಸರಿ ಇದ್ದಾಗ ಗ್ರಹಣದಾಗ ಹೊರಗ ಬಂದಿದ್ಲು ಅದಕ್ಕ ಹಂಗ ಆಗ್ಯದ, ಬೆಳೀತಾ ಬೆಳೀತಾ ಹೋಗ್ತದ

ನಾನು: ಚಿಗವ್ವ ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಪಾಪ ಆಕಿನ್ನ ಯಾಕ ಬೈಸ್ತಿ. ದೊಡ್ಡಪ್ಪಾರ, ಫೋಟೋ ಸುಳ್ಳು ಅಂತ ನಾ ಅನ್ನಂಗಿಲ್ಲ, ಆದ್ರ ಅದು ಕೂಸು ನೆಟ್ಟಗ ಎದುರಿಗೆ ನೋಡ್ಕೋತ ಕುಂತಾಗ ತಗದಿದ್ದು. ಕೆಳಗ ನೋಡಿದಾಗ ಹೆಂಗ ಕಾಣ್ತೈತಿ, ಮಲಗಿದಾಗ ಹೆಂಗ ಕಾಣ್ತೈತಿ, ಅದನ್ನ ಯಾರೂ ಹಾಕಂಗಿಲ್ಲ. ನಾ ಹಾಕ್ತೀನಿ ತಡ್ರಿ

ನಾನು: (ಫೋಟೋ. ಇದೇ ಆಪರೇಷನ್ ಆದ ನಮ್ಮ ಹುಡುಗ ನಿದ್ದಿಯೊಳಗ, ಎಡಗಣ್ಣು ಒಂದು ಗೆರಿ ತೆರದು ಬಿಳಿ ಕಾಣ್ತೈತಿ)

ಅವ್ವ: (ವಾಯ್ಸ್ ಮೆಸೇಜ್) ಯವ್ವಾ ಅದನ್ನ ಡಿಲೀಟ್ ಮಾಡ, ಎದಿ ಝಲ್ ಅಂತು, ಕಿನ್ನಾಳದ ಕಟ್ಟಿಗಿ ಗೊಂಬಿ ಮಲಗಿಸಿದಂಗ ಐತಿ

ಬೆಂಗಳೂರು ಅಣ್ಣ: ಅಂದ್ರ ಇವಂದು ಆಪರೇಷನ್ ಫೇಲ್ ಆಗೈತೇನು? ನಮಗ್ಯಾರಿಗೂ ಹೇಳೇ ಇಲ್ಲಲ್ಲ

ನಾನು: ಫೇಲ್ ಅಲ್ಲಣ್ಣ, ಪಾಸ್ ಆದದ್ದ ಹಿಂಗ ಇರ್ತೈತಿ. ಅದನ್ನ ಹೇಳಾಕ ಹೊಂಟೀನಿ. ರೆಪ್ಪಿ ಎತ್ತೋ ಸ್ನಾಯು ಇವಕ್ಕ ಹುಟ್ಟಿನಿಂದ ಸರಿ ಬೆಳದಿರಂಗಿಲ್ಲ, ಮಾಂಸ ಇರೋ ಕಡಿ ನಾರು ಕೊಬ್ಬು ತುಂಬಿರ್ತೈತಿ, ಅದು ಎಳಿಯಾಕೂ ಬರಂಗಿಲ್ಲ ಸಡಲಾಗಾಕೂ ಬರಂಗಿಲ್ಲ. ಡಾಕ್ಟ್ರು ಹುಬ್ಬಿನ ಮ್ಯಾಲ ಹೆಬ್ಬಟ್ಟು ಒತ್ತಿ ಹಿಡದು ಕೆಳಗ ನೋಡಪಾ ಮ್ಯಾಲ ನೋಡಪಾ ಅಂದು ಸಣ್ಣ ಸ್ಕೇಲ್ ಹಿಡದು ಅಳದ್ರು, ಎಲ್ಲಾರದು ಸುಮಾರು 15 ಮಿಲಿಮೀಟರ್ ಏರ್ತೈತಿ, ಇವಂದು 3. ನಾಕರ ಒಳಗ ಇದ್ರ ಸ್ನಾಯುಗೆ ಶಕ್ತಿ ಬಾಳ ಕಡಿಮಿ ಅಂತ ಲೆಕ್ಕ, ಅದನ್ನ ನಂಬಾಂಗಿಲ್ಲ ಅಂತ ಬಹಳ ಡಾಕ್ಟ್ರು ರೆಪ್ಪಿನ್ನ ಹುಬ್ಬಿನ ಸ್ನಾಯುಗೆ ಕಟ್ಟಿಬಿಡ್ತಾರ, ಸ್ಲಿಂಗ್ ಅಂತಾರ, ಬಾವಿಗೆ ಹಗ್ಗ ಬಿಟ್ಟು ಕೊಡ ಎತ್ತಿದಂಗ. ಹುಬ್ಬು ಏರಿಸಿದ್ರ ರೆಪ್ಪಿ ಏರ್ತೈತಿ. ಆದ್ರ ಹಗ್ಗ ಕಟ್ಟಿದ ಮ್ಯಾಲ ಕೊಡ ಪೂರ್ತಿ ಕೆಳಗ ಇಳಿಯಂಗಿಲ್ಲಲ್ಲ, ಹಂಗ ಕಣ್ಣೂ ಪೂರ್ತಿ ಮುಚ್ಚಂಗಿಲ್ಲ. ರೊಟ್ಟಿ ತಿನ್ನಾಗ ತಾಟ್ ಕಡಿ ನೋಡಿದ್ರ ಬಲಗಣ್ಣಿನ ರೆಪ್ಪಿ ಇಳೀತೈತಿ ಎಡದ್ದು ಮ್ಯಾಲ ನಿಂತಿರ್ತೈತಿ, ಬಾಜು ಮನಿಯಾಕಿ ದಿನಾ ಕೇಳ್ತಾಳ ಯಾಕ ಕೂಸು ಹೆದರೇನು ಅಂತ

ದೊಡ್ಡಪ್ಪ ಗಂಗಾವತಿ: ಮತ್ತ ಇಷ್ಟೆಲ್ಲಾ ಇದ್ರ ಯಾಕ ಮಾಡ್ಸಿದಿ

ನಾನು: ಕಣ್ಣು ಕಾಣ್ಲಿ ಅಂತ ದೊಡ್ಡಪ್ಪಾರ. ಛಂದ ಆಮ್ಯಾಲಿಂದು. ರೆಪ್ಪಿ ಕಣ್ಣಿನ ಪಾಪಿ (ನಡುವಿನ ಕರಿ ಬೊಟ್ಟು) ಮುಚ್ಚಿದ್ರ ಆ ಕಣ್ಣಿಗೆ ನೋಡೋದು ರೂಢಿನ ಆಗಂಗಿಲ್ಲ, ಮಿದುಳು ಇನ್ನೊಂದು ಕಣ್ಣಿನ ಮ್ಯಾಲ ನಡಸ್ಕೊಂಡು ಹೋಗಿಬಿಡ್ತೈತಿ, ಸೋಮಾರಿ ಕಣ್ಣು ಅಂತಾರಲ್ಲ ಅದು. 7-8 ವರ್ಷ ದಾಟಿದ ಮ್ಯಾಲ ರೆಪ್ಪಿ ಎಷ್ಟು ಎತ್ತಿದ್ರೂ ಆ ದೃಷ್ಟಿ ವಾಪಸ್ ತರೋದು ಬಾಳ ಕಷ್ಟ. ಇವ ಒಂದೂವರಿ ವರ್ಷದವ ಇದ್ದಾಗ ತೋರಿಸಿದ್ವಿ, ಆ ಡಾಕ್ಟ್ರು (ಹೆಸರು ಬ್ಯಾಡ) ನೋಡಿ ಎರಡ ನಿಮಿಷಕ್ಕ "ದೊಡ್ಡವ ಆದ್ರ ಸರಿ ಆಗ್ತೈತಿ" ಅಂದು ಕಳಿಸಿದ್ರು. ಇದು ತಾನಾ ಸರಿ ಆಗೋದಲ್ಲ. ಎರಡೂವರಿ ವರ್ಷ ಕಳದ್ವಿ, ನಾಕನೇ ವರ್ಷಕ್ಕ ಆಪರೇಷನ್ ಆತು, ಈಗ ಆರು ವರ್ಷ, ಚಷ್ಮಾ ಬಂದೈತಿ, ದಿನಾ ಎರಡು ತಾಸು ಬಲಗಣ್ಣಿಗೆ ಪಟ್ಟಿ ಹಚ್ಚಿ ಎಡಗಣ್ಣಿಲೆ ಬರಸ್ತೀನಿ, ಅವ ಪಟ್ಟಿ ಕಿತ್ತಿ ಕಾಟಿನ ಕೆಳಗ ಬಚ್ಚಿಡ್ತಾನ

ಬೆಂಗಳೂರು ಅಣ್ಣ: ತೊಡಿಯಾಗಿಂದ ಏನೋ ತಗದ್ರು ಅಂದಿದ್ದಿ

ನಾನು: ಹೌದು, ಮೊಣಕಾಲಿನ ಮ್ಯಾಲ ಹೊರಗಡಿಗೆ ಸಣ್ಣಗ ಕೊಯ್ದು ಸ್ನಾಯು ಮ್ಯಾಲಿನ ಗಟ್ಟಿ ಪದರದ ಪಟ್ಟಿ ತಗೀತಾರ, ಅದನ್ನ ಹಗ್ಗ ಮಾಡ್ತಾರ. ಒಂದು ವಾರ ಕುಂಟಿದ. ಕಣ್ಣು ಬಾತು ಹುಬ್ಬಿನ ಸುತ್ತ ನೀಲಿ ಆಗಿತ್ತು, ಹೊಲಿಗಿ ಗುರುತು ಈಗ ಹುಡುಕಬೇಕು. ಆದ್ರ ಪುಟ್ಟಿಗೆ ಇನ್ನೂ 14 ತಿಂಗಳು, ತೊಡಿ ಸಣ್ಣದು, ಆ ಪಟ್ಟಿ ಸಾಮಾನ್ಯ 3 ವರ್ಷದ ಮ್ಯಾಲ ಸಿಗ್ತೈತಿ. ಅದಕ್ಕ ಅರ್ಜೆಂಟ್ ಇದ್ರ ಸಿಲಿಕೋನ್ ದಾರ ಹಾಕ್ತಾರ. ಅದು ಸ್ವಲ್ಪ ಹಿಗ್ಗತೈತಿ ಅದಕ್ಕ ಕಣ್ಣು ಮುಚ್ಚೋದು ಛಲೋ, ಬೇಕಾದ್ರ ಬಿಗಿ ಸಡಲ ಮಾಡಬಹುದು, ಆದ್ರ ದಿನಾ ಹೋದಂಗ ಸಡಲಾಗಿ ರೆಪ್ಪಿ ಮತ್ತ ಇಳಿಯೋದು ಐತಿ. ಮುಂದ ಇನ್ನೊಂದು ಸಲ ಮಾಡ್ಸಬೇಕಾಗಬಹುದು. ಶಾಶ್ವತ ಅಂತ ಬರದವನ ಕೈ ಮುರಿಲಿ

ದೊಡ್ಡಪ್ಪ ಗಂಗಾವತಿ: ನಾ ಒಳ್ಳೇದಕ್ಕ ಹಾಕೀನಿ ಯವ್ವಾ. ಎಲ್ಲಾ ನನ್ನ ಮ್ಯಾಲ ಬಂತು

ತಮ್ಮ ಸಿಂಧನೂರು: ಅಕ್ಕ ಒಂದು ಹೇಳ್ತೀನಿ. ಪುಟ್ಟಿ ಬಾಟ್ಲಿ ಹಾಲು ಕುಡಿಯಾಗ ಆ ಬಲಗಣ್ಣು ಪಟಕ್ ಪಟಕ್ ಅಂತ ತೆರೀತೈತಿ, ಒಮ್ಮೊಮ್ಮಿ ಎಡಗಣ್ಣಿಗಿಂತ ಜಾಸ್ತಿ. ಅಂದ್ರ ಶಕ್ತಿ ಐತಿ ಅಲ್ಲ? ಬಾಟ್ಲಿ ಬಿಟ್ರ ಮತ್ತ ಮುಚ್ಚತೈತಿ

ಚಿಗವ್ವ ರಾಯಚೂರು: ನೋಡು ನಾ ಹೇಳಲಿಲ್ಲ? ತಾನಾ ಸರಿ ಹೋಗ್ತದ

ನಾನು: ಇಲ್ಲ ಚಿಗವ್ವ, ಅದು ಬ್ಯಾರೆ. ದವಡಿಗೆ ಹೋಗೋ ನರದ ಎಳಿ ಹಾದಿ ತಪ್ಪಿ ರೆಪ್ಪಿಗೂ ಹೋಗಿರ್ತೈತಿ, ದವಡಿ ಆಡಿದ್ರ ರೆಪ್ಪಿ ಜಿಗೀತೈತಿ, ಮಾರ್ಕಸ್ ಗನ್ ಅಂತಾರ ಡಾಕ್ಟ್ರು. ಇಂಥವರಿಗೆ ಆಪರೇಷನ್ ಲೆಕ್ಕಾನ ಬದಲಾಗ್ತೈತಿ, ಜಿಗತ ಜೋರಿದ್ರ ಮೊದ್ಲು ರೆಪ್ಪಿ ಎತ್ತೋ ಸ್ನಾಯು ಬಿಡಿಸಿ ಆಮ್ಯಾಲ ಸ್ಲಿಂಗ್ ಹಾಕೋದು ಐತಿ. ಇಷ್ಟು ದಿನ ಯಾಕ ಹೇಳಲಿಲ್ಲೋ ನೀ?

ತಮ್ಮ ಸಿಂಧನೂರು: ನಾವು ಖುಷಿ ಪಡ್ತಿದ್ವಿ ಅಕ್ಕ

ನಾನು: ಇರ್ಲಿ. ಈಗ ಒಂದು ಮಾಡು. ಕೂಸು ಆಡಾಕತ್ತಾಗ ಛಲೋ ಇರೋ ಕಣ್ಣು ಮೆಲ್ಲಕ ಅಂಗೈಲೆ ಮುಚ್ಚು, ಒತ್ತಬ್ಯಾಡ. ಆಮ್ಯಾಲ ರೆಪ್ಪಿ ಬಿದ್ದ ಕಣ್ಣು ಮುಚ್ಚು. ಏನು ಮಾಡ್ತಾಳ ಹೇಳು

ಬೆಂಗಳೂರು ಅಣ್ಣ: ಆಪರೇಷನ್ ಆದ ಮ್ಯಾಲ ಖರ್ಚು ದುಡಿತ ಏನೇನು ಇರ್ತೈತಿ ಅದನ್ನೂ ಹೇಳಿಬಿಡು

ನಾನು: ಹಗಲಿಗೆ ಡ್ರಾಪ್ಸ್, ರಾತ್ರಿ ಮಲಗಿದ ಮ್ಯಾಲ ಕಣ್ಣಿಗೆ ಮುಲಾಮು. ತೆರದ ಕಣ್ಣು ಒಣಗಿದ್ರ ಕರಿಗುಡ್ಡಿಗೆ ಗಾಯ ಆಗ್ತೈತಿ, ಕೆಂಪಾತು ಬೆಳಕಿಗೆ ಕಣ್ಣು ತೆರಿಯವಲ್ಲ ಅಂದ್ರ ಅವತ್ತ ಓಡಬೇಕು. ಗವಿಮಠದ ಜಾತ್ರಿ ಧೂಳಿಗೆ ಚಷ್ಮಾ ಇಲ್ದ ಕರ್ಕೊಂಡು ಹೋಗಂಗಿಲ್ಲ ನಾ. ಮೊದ್ಲ ತಿಂಗಳು ರಾತ್ರಿ ಮೂರು ಸಲ ಎದ್ದು ಟಾರ್ಚ್ ಹಚ್ಚಿ ನೋಡ್ತಿದ್ದೆ, ಈಗ ಒಂದು ಸಲ. ಅಷ್ಟ ಮಾಡಿದ್ರ ಸಾಕು, ಅವ ಈಗ ಗದ್ದ ಎತ್ತಿ ನಡಿಯೋದು ಬಿಟ್ಟಾನ

(20 ನಿಮಿಷ ಯಾರೂ ಏನೂ ಹಾಕಲಿಲ್ಲ)

ತಮ್ಮ ಸಿಂಧನೂರು: ಬಲಗಣ್ಣು ಮುಚ್ಚಿದ್ರ ಕೀಲಿಗೊಂಚಲು ಹಿಡ್ಕೊಂಡು ಆಡ್ಕೋತನ ಇದ್ಲು. ಎಡಗಣ್ಣು ಮುಚ್ಚಿದ್ರ ಕೈ ಸರಿಸಿ ಅತ್ಲು ಅಕ್ಕ

ನಾನು: ಎಷ್ಟು ಸಲ ನೋಡ್ದಿ

ತಮ್ಮ ಸಿಂಧನೂರು: ಮೂರು ಸಲ. ಮೂರೂ ಸಲ ಹಂಗ

ಅವ್ವ: (ವಾಯ್ಸ್ ಮೆಸೇಜ್) ಹಂಗಂದ್ರ ಏನ ಅದು, ಯಾರರ ಹೇಳ್ರಿ

ನಾನು: ಅವ್ವ, ಬಲಗಣ್ಣಿಲೆ ಸರಿ ಕಾಣವಲ್ದು ಅಂತ ಅನಸ್ತೈತಿ. ಪಕ್ಕಾ ಡಾಕ್ಟ್ರ ಹೇಳಬೇಕು. ಮದುವಿ ಗಿದುವಿ ಕಾಯೋದು ಬ್ಯಾಡ

ದೊಡ್ಡಪ್ಪ ಗಂಗಾವತಿ: ಸೋಮವಾರ ನಾ ಕಾರ್ ತಗೊಂಡು ಸಿಂಧನೂರಿಗೆ ಬರ್ತೀನಿ. ಎಲ್ಲಿಗೆ ಹೋಗೋದು ನೀ ಹೇಳ. ಆ ಫೋಟೋ ಡಿಲೀಟ್ ಮಾಡೀನಿ

ನಾನು: ಮಕ್ಕಳ ಕಣ್ಣು ನೋಡೋರು, ರೆಪ್ಪಿ ಆಪರೇಷನ್ ಮಾಡೋರು ಇಬ್ರೂ ಒಂದ ಕಡಿ ಇರೋ ಆಸ್ಪತ್ರಿಗೆ ಹೋಗೋಣು, ನಾನೂ ಬರ್ತೀನಿ. ತಮ್ಮಾ, ಬಾಟ್ಲಿ ಮರೀಬ್ಯಾಡ, ಮನಿಯಾಗ ಕುಡಸಿ ಕರ್ಕೊಂಡು ಬರಬ್ಯಾಡ. ಡಾಕ್ಟ್ರ ಮುಂದ ಕುಡಸಬೇಕು