ಝೆಂಗ್ ಝಿಗೆ 2013ರಲ್ಲಿ ಬಂದ ಪ್ರಶಸ್ತಿ: ಆಟಕ್ಕೆ ಸಂದದ್ದೇ, ಹಣಕ್ಕೆ ಸಂದದ್ದೇ?

ಮೈದಾನದಂಚು: ಏಷ್ಯಾದ ಫುಟ್‌ಬಾಲ್ ಮಿಡ್‌ಫೀಲ್ಡರ್‌ಗಳ (ಮೈದಾನದ ನಡುಭಾಗದಲ್ಲಿ ಆಡುವವರ) ಮಾತು ಬಂದಾಗಲೆಲ್ಲ ಚೀನಾದ ಝೆಂಗ್ ಝಿ ಅವರ ಹೆಸರನ್ನು ಬಹಳ ಗೌರವದಿಂದ ಎತ್ತುತ್ತಾರೆ. ಆ ಗೌರವ ಅಳತೆ ಮೀರಿದ್ದು ಎಂದು ನನಗೆ ಅನಿಸುತ್ತದೆ. 2013ರಲ್ಲಿ ಅವರು ಏಷ್ಯಾದ ವರ್ಷದ ಆಟಗಾರರಾದಾಗ ಗುವಾಂಗ್‌ಝೌ ಎವರ್‌ಗ್ರಾಂಡ್ ತಂಡದಲ್ಲಿ ಗೋಲು ಹೊಡೆಯುತ್ತಿದ್ದವರು ಬ್ರೆಜಿಲ್‌ನ ಮುರಿಕಿ ಮತ್ತು ಎಲ್ಕೆಸನ್, ಆಟ ಹೆಣೆಯುತ್ತಿದ್ದವರು ಅರ್ಜೆಂಟೀನಾದ ಕೊಂಕಾ, ತರಬೇತುದಾರರು ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ಲಿಪ್ಪಿ. ಇವರನ್ನೆಲ್ಲ ರಿಯಲ್ ಎಸ್ಟೇಟ್ ಕಂಪನಿಯೊಂದು ದುಡ್ಡು ಸುರಿದು ತಂದಿತ್ತು. ಆ ವರ್ಷ ಗುವಾಂಗ್‌ಝೌ ಗೆದ್ದ ಏಷ್ಯನ್ ಚಾಂಪಿಯನ್ಸ್ ಲೀಗ್‌ನಲ್ಲಿ, ಅಂದರೆ ಏಷ್ಯಾದ ಕ್ಲಬ್‌ಗಳ ಟೂರ್ನಿಯಲ್ಲಿ, 13 ಗೋಲು ಹೊಡೆದವರು ಮುರಿಕಿ. ಆದರೆ ಪ್ರಶಸ್ತಿ ಏಷ್ಯಾದವರಿಗೆ ಮಾತ್ರ ಮೀಸಲಾದ್ದರಿಂದ ಅದು ನಾಯಕ ಝೆಂಗ್ ಅವರ ಪಾಲಾಯಿತು. ಯುರೋಪಿನಲ್ಲಿ ಅವರ ಸಾಧನೆಯಾದರೂ ಏನು? ಅವರಿದ್ದ ಇಂಗ್ಲೆಂಡಿನ ಚಾರ್ಲ್ಟನ್ ಕ್ಲಬ್ 2007ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ಕೆಳಗಿನ ದರ್ಜೆಗೆ ಇಳಿಯಿತು.

ಆಸ್ಟಿನ್‌ಟೌನ್ ಹಾಫ್‌ಬ್ಯಾಕ್: ಸರ್, ನಿಮ್ಮ ಲೆಕ್ಕದಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಆಗಿನ ಚಾಂಪಿಯನ್ಸ್ ಲೀಗ್ ನಿಯಮದಂತೆ ಒಂದು ಕ್ಲಬ್ ಮೂವರು ವಿದೇಶಿಯರನ್ನೂ ಅವರ ಜೊತೆಗೆ ಏಷ್ಯಾದ ಇನ್ನೊಬ್ಬ ವಿದೇಶಿಯನನ್ನೂ ಮಾತ್ರ ಆಡಿಸಬಹುದಿತ್ತು. ಉಳಿದ ಏಳು ಮಂದಿ ಚೀನಾದವರೇ ಆಗಿರಬೇಕಿತ್ತು. ಅಂದರೆ ಕೊಂಕಾರ ಕಾಲಿಗೆ ಚೆಂಡು ತಲುಪುವ ಮೊದಲು ಅದನ್ನು ಎದುರಾಳಿಯಿಂದ ಕಿತ್ತು, ತಲೆ ಎತ್ತಿ ನೋಡಿ, ಸರಿಯಾದ ಹೊತ್ತಿಗೆ ಮುಂದಕ್ಕೆ ಕೊಡುವ ಕೆಲಸ ಸ್ಥಳೀಯ ಆಟಗಾರರದು. ರಕ್ಷಣಾ ಸಾಲಿನ ಮುಂದೆ ನಿಂತು ಆ ಕೆಲಸ ಮಾಡಿದವರು ಝೆಂಗ್. ನಾನೂ ಆ ಜಾಗದಲ್ಲಿ ಆಡಿದವನು. ಅಲ್ಲಿ ಒಳ್ಳೆಯ ಆಟ ಆಡಿದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುವುದಿಲ್ಲ, ತಪ್ಪು ಮಾಡಿದರೆ ಮಾತ್ರ ಬರುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರದ ತಂಡದ ವಿರುದ್ಧದ ಫೈನಲ್ ಅಲ್ಲಿ 2-2, ಗುವಾಂಗ್‌ಝೌನಲ್ಲಿ 1-1 ಆಗಿ, ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದ ಆಧಾರದ ಮೇಲೆ ಗುವಾಂಗ್‌ಝೌ ಪಾಲಾಯಿತು. ಅಷ್ಟು ಬಿಗಿಯಾದ ಪಂದ್ಯವನ್ನು ಬರಿಯ ಗೋಲು ಹೊಡೆಯುವವರೇ ಗೆಲ್ಲಿಸಿದರು ಎನ್ನಲಾಗದು.

ತುಂಗಾತೀರ: ಆಟದ ಬಗ್ಗೆ ನನಗೆ ತಕರಾರಿಲ್ಲ, ಸಂಯಮದ ಬಗ್ಗೆ ಇದೆ. 2008ರ ಒಲಿಂಪಿಕ್ಸ್‌ನಲ್ಲಿ, ಅದೂ ತಾವು ಹುಟ್ಟಿದ ಶೆನ್‌ಯಾಂಗ್ ನಗರದಲ್ಲೇ, ಬೆಲ್ಜಿಯಂ ಆಟಗಾರನಿಗೆ ಮೊಣಕೈಯಿಂದ ಹೊಡೆದು ಅವರು ರೆಡ್ ಕಾರ್ಡ್ ಪಡೆದರು. ಎಳೆಯರ ತಂಡಕ್ಕೆ ಹಿರಿಯರೆಂದು ಸೇರಿಸಿ ನಾಯಕನನ್ನಾಗಿ ಮಾಡಿದ್ದವರು ಹಾಗೆ ನಡೆದುಕೊಂಡರೆ ಉಳಿದವರಿಗೆ ಯಾರು ಬುದ್ಧಿ ಹೇಳಬೇಕು? ಅದೇ ಪಂದ್ಯದಲ್ಲಿ ಚೀನಾದ ಇನ್ನೊಬ್ಬನೂ ಹೊರಹೋದ, ತಂಡ 2-0ಯಿಂದ ಸೋತಿತು. ಅದಕ್ಕೂ ಎರಡು ವರ್ಷ ಮೊದಲು ಸೇಂಟ್ ಎಟಿಯೆನ್‌ನಲ್ಲಿ ನಡೆದ ಚೀನಾ ವಿರುದ್ಧದ ಪಂದ್ಯದಲ್ಲಿ ಫ್ರಾನ್ಸ್‌ನ ಸಿಸ್ಸೆ ಕಾಲು ಮುರಿದುಕೊಂಡು ವಿಶ್ವಕಪ್ ತಪ್ಪಿಸಿಕೊಂಡದ್ದು ಕೂಡ ಇವರು ತಾಗಿದ್ದರಿಂದಲೇ.

ಆಸ್ಟಿನ್‌ಟೌನ್ ಹಾಫ್‌ಬ್ಯಾಕ್: ಮೇಡಂ, ಮೊಣಕೈ ವಿಚಾರದಲ್ಲಿ ನಿಮ್ಮ ಮಾತು ಪೂರ್ತಿ ನಿಜ, ಅದನ್ನು ಸಮರ್ಥಿಸುವುದಿಲ್ಲ. ಸಿಸ್ಸೆಯ ಘಟನೆ ಬೇರೆ. ಚೆಂಡಿಗಾಗಿ ಇಬ್ಬರೂ ಪೂರ್ಣ ವೇಗದಲ್ಲಿ ಓಡುತ್ತಿದ್ದರು, ಝೆಂಗ್ ತಾಗಿದ್ದರಿಂದ ಸಿಸ್ಸೆಯ ನಡಿಗೆ ತಪ್ಪಿ ಕಾಲು ತಿರುಚಿತು. ಕಾಲು ಮುರಿಯಬೇಕೆಂದು ಮಾಡಿದ ಟ್ಯಾಕಲ್ ಅದಲ್ಲ. ಅಂಥ ದೃಶ್ಯ ಕಣ್ಣೆದುರು ನಡೆದ ಪಂದ್ಯದಲ್ಲೇ ಅವರು ಪೆನಾಲ್ಟಿ ಒದ್ದು ಚೀನಾದ ಏಕೈಕ ಗೋಲು ಹೊಡೆದರು ಎಂಬುದನ್ನು ಮರೆಯಬೇಡಿ. ಚಾರ್ಲ್ಟನ್ ವಿಷಯಕ್ಕೆ ಬಂದರೆ, 2006ರಲ್ಲಿ ಶಾಂಡಾಂಗ್ ತಂಡಕ್ಕೆ ಚೀನಾದ ಲೀಗ್ ಗೆದ್ದುಕೊಟ್ಟು ಅವರು ಅಲ್ಲಿಗೆ ಹೋಗುವಷ್ಟರಲ್ಲಿ ಆ ಕ್ಲಬ್ ಆಗಲೇ ಮುಳುಗುವ ಸ್ಥಿತಿಯಲ್ಲಿತ್ತು. ಇಳಿದ ಮೇಲೂ ಅಲ್ಲೇ ಉಳಿದು ಆಡಿದರು.

ಮೈದಾನದಂಚು: ವಿದೇಶಿಯರ ಮಿತಿಯ ವಾದವನ್ನು ಒಪ್ಪುತ್ತೇನೆ, ಅದು ನನಗೆ ಹೊಳೆದಿರಲಿಲ್ಲ. ಆದರೂ ದೇಶದ ತಂಡದ ಪ್ರಶ್ನೆ ಉಳಿಯುತ್ತದೆ. ನೂರಕ್ಕೂ ಹೆಚ್ಚು ಪಂದ್ಯ ಆಡಿದ ಇವರಿಗೆ ಒಂದು ವಿಶ್ವಕಪ್ಪೂ ದಕ್ಕಲಿಲ್ಲ.

ತುಂಗಾತೀರ: ಅದನ್ನು ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಚೀನಾ ವಿಶ್ವಕಪ್ ಆಡಿದ್ದೇ ಒಮ್ಮೆ, 2002ರಲ್ಲಿ. ಇವರು ದೇಶದ ತಂಡಕ್ಕೆ ಬಂದದ್ದು ಅದಾದ ಮೇಲೆ. ಮುಂದಿನ ಅರ್ಹತಾ ಸುತ್ತಿನಲ್ಲಿ, 2004ರ ನವೆಂಬರ್‌ನಲ್ಲಿ, ಚೀನಾ ಹಾಂಗ್‌ಕಾಂಗ್ ತಂಡವನ್ನು 7-0ಯಿಂದ ಸೋಲಿಸಿಯೂ ಹೊರಬಿತ್ತು. ಅಂಕವೂ ಗೋಲುಗಳ ಅಂತರವೂ ಸಮವಾಗಿದ್ದವು, ಕುವೈತ್ ಒಂದೇ ಒಂದು ಗೋಲು ಹೆಚ್ಚು ಹೊಡೆದಿತ್ತು. ಆ ಒಂದು ಗೋಲನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆಸ್ಟಿನ್‌ಟೌನ್ ಹಾಫ್‌ಬ್ಯಾಕ್: ಇನ್ನು ಹಣದ ಮಾತು. 2010ರಲ್ಲಿ ಝೆಂಗ್ ಸ್ಕಾಟ್ಲೆಂಡ್‌ನ ಸೆಲ್ಟಿಕ್ ಬಿಟ್ಟು ಗುವಾಂಗ್‌ಝೌ ಸೇರಿದಾಗ, ಮ್ಯಾಚ್ ಫಿಕ್ಸಿಂಗ್ ಶಿಕ್ಷೆಯಿಂದಾಗಿ ಆ ಕ್ಲಬ್ ಎರಡನೇ ದರ್ಜೆಯಲ್ಲಿತ್ತು. ಹೊಸ ಮಾಲೀಕರ ದುಡ್ಡು ಆಗಷ್ಟೇ ಬಂದಿತ್ತು, ನಿಜ. ಆದರೆ 2015ರಲ್ಲಿ ಗುವಾಂಗ್‌ಝೌ ಮತ್ತೆ ಏಷ್ಯಾ ಗೆಲ್ಲುವ ಹೊತ್ತಿಗೆ ಕೊಂಕಾ ಇರಲಿಲ್ಲ, ಮುರಿಕಿ ಇರಲಿಲ್ಲ, ಲಿಪ್ಪಿಯೂ ಇರಲಿಲ್ಲ. 35 ವರ್ಷದ ಝೆಂಗ್ ನಾಯಕರಾಗಿಯೇ ಇದ್ದರು. 2021ರಲ್ಲಿ ಮಾಲೀಕ ಕಂಪನಿ ಸಾಲದಲ್ಲಿ ಮುಳುಗಿ ತರಬೇತುದಾರ ಕನ್ನವಾರೊ ಹೊರಟಾಗ ತಂಡದ ಹೊಣೆ ಹೊತ್ತವರೂ ಇವರೇ, ಆಗ ಅವರಿಗೆ 41 ವರ್ಷ.

ಮೈದಾನದಂಚು: 2015ರ ತಂಡವನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. ಪ್ರಶಸ್ತಿ ಹಣಕ್ಕೆ ಸಂದದ್ದು ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಬೆಲ್ಜಿಯಂ ಪಂದ್ಯದ ಮೊಣಕೈ ಬಗ್ಗೆ ಮಾತ್ರ ತುಂಗಾತೀರದವರ ಪಕ್ಷವೇ ನನ್ನದು.