ಬೀಟ್ ಬದಲಾಯಿಸಿದ್ದೇ ತಪ್ಪಾಯಿತಾ? 34 ಜನ ಪೌರಕಾರ್ಮಿಕರಿಗೆ ಕೆಲಸ ಹಂಚುವುದು ಹೇಗೆ?

ಹೊಸ ನಿರೀಕ್ಷಕಿ:

ನಮಸ್ಕಾರ. ಬಯಲುಸೀಮೆಯ ಒಂದು ಪುರಸಭೆಯಲ್ಲಿ ನಾನು ಕಿರಿಯ ಆರೋಗ್ಯ ನಿರೀಕ್ಷಕಿ. ಸೇರಿ ಐದು ತಿಂಗಳಾಯಿತು. ಊರಿನ ಹೆಸರು ಹೇಳುವುದಿಲ್ಲ, ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ನಮ್ಮೂರಲ್ಲಿ ಸುಮಾರು 27 ಸಾವಿರ ಜನ. 700 ಜನಕ್ಕೆ ಒಬ್ಬ ಪೌರಕಾರ್ಮಿಕರು ಅನ್ನುವ ಲೆಕ್ಕ ಹಿಡಿದರೆ 38 ಜನ ಇರಬೇಕು. ಪಟ್ಟಿಯಲ್ಲಿರುವವರು 34. ರಜೆ, ಜ್ವರ, ಮನೆಯ ಸಾವು ನೋವು ಎಲ್ಲ ಕಳೆದು, ಬೆಳಿಗ್ಗೆ ಆರಕ್ಕೆ ಹಾಜರಿ ಕೂಗುವಾಗ ಎದುರಿಗೆ ನಿಲ್ಲುವವರು 28, ಹೆಚ್ಚೆಂದರೆ 29.

ನಾನು ಬಂದಾಗ ಯಾರಿಗೆ ಯಾವ ಬೀದಿ, ಅಂದರೆ ಯಾರ ಬೀಟ್ ಯಾವುದು ಅನ್ನುವುದು ಯಾವ ಕಾಗದದಲ್ಲೂ ಇರಲಿಲ್ಲ. ಕೆಲವರಿಗೆ ನಾಲ್ಕು ಬೀದಿ, ಕೆಲವರಿಗೆ ಒಂದೇ. ಅನ್ಯಾಯ ಅನ್ನಿಸಿತು. ಮೊಬೈಲ್ ಮ್ಯಾಪಿನಲ್ಲಿ ಎಲ್ಲ ರಸ್ತೆ ಅಳೆದೆ. ಕಸ ಗುಡಿಸುವವರಿಗೆ ತಲಾ 600 ಮೀಟರ್ ಬರುವಂತೆ ತುಂಡು ಮಾಡಿ ಚೀಟಿ ಎತ್ತಿಸಿದೆ. ತಿಂಗಳಿಗೊಮ್ಮೆ ಬದಲು ಎಂದೂ ಹೇಳಿದೆ. ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ ಅದು.

ಹನ್ನೊಂದನೇ ದಿನಕ್ಕೆ ಎಲ್ಲ ಕೆಟ್ಟಿತು. ಮೊದಲು ದಿನಕ್ಕೆ ಎರಡೋ ಮೂರೋ ದೂರು ಬರುತ್ತಿದ್ದವು, ಈಗ ಹತ್ತು. ಪೇಟೆ ಬೀದಿಯನ್ನು 19 ವರ್ಷದಿಂದ ಗುಡಿಸುತ್ತಿದ್ದ ಅಕ್ಕ ಒಬ್ಬರಿಗೆ ಚೀಟಿಯಲ್ಲಿ ಹೊಸ ಬಡಾವಣೆ ಬಂದಿತ್ತು. ಅವರು ಎಲ್ಲರೆದುರು ಪೊರಕೆಯನ್ನು ನನ್ನ ಕಾಲ ಹತ್ತಿರ ಇಟ್ಟು, ‘ಮೇಡಂ, ಒಂದ್ಸಲ ನೀವೇ ಗುಡಿಸಿ ನೋಡಿ’ ಎಂದರು. ನನಗೂ ಸಿಟ್ಟು ಬಂತು. ಗೈರುಹಾಜರಿ ಹಾಕುತ್ತೇನೆ ಎಂದುಬಿಟ್ಟೆ. ಹಾಕಲಿಲ್ಲ. ಆದರೆ ಆಡಿದ ಮಾತು ಆಡಿದ್ದೇ.

ಇನ್ನೊಂದು. ಬಸ್ ಸ್ಟ್ಯಾಂಡ್ ಹಿಂದಿನ ಶೌಚಾಲಯದ ಗುಂಡಿ ಕಟ್ಟಿಕೊಂಡಿದೆ. ನಮ್ಮ ಸಕ್ಕಿಂಗ್ ಮಷಿನ್ (ಗುಂಡಿಯ ಮಲ ಹೀರುವ ಗಾಡಿ) ರಿಪೇರಿಗೆ ಹೋಗಿ ಇಪ್ಪತ್ತು ದಿನ ಆಯಿತು. ‘ಒಬ್ಬನ್ನ ಇಳಿಸಿದರೆ ಐದು ನಿಮಿಷದ ಕೆಲಸ’ ಅಂತ ಫೋನ್ ಮೇಲೆ ಫೋನ್ ಬರುತ್ತಿದೆ.

ಅನುಭವ ಇರುವವರು ಹೇಳಿ. ಬೈದರೂ ಪರವಾಗಿಲ್ಲ.

ನಗರಸಭೆ ಪರಿಸರ:

ಬೀಟ್ ವಿಷಯ ಬೇರೆಯವರು ಹೇಳಲಿ. ಗುಂಡಿ ವಿಷಯ ಮೊದಲು, ಇವತ್ತೇ.

ಇಳಿಸಬೇಡಿ. ಹಗ್ಗ ಕಟ್ಟಿ ಇಳಿಸುತ್ತೇವೆ ಅಂದರೂ ಬೇಡ, ಅವನೇ ಒಪ್ಪಿದ್ದಾನೆ ಅಂದರೂ ಬೇಡ. ರಕ್ಷಣಾ ಸಾಧನ, ಸುರಕ್ಷತಾ ಕ್ರಮ ಇಲ್ಲದೆ ಮಲದ ಗುಂಡಿ, ಒಳಚರಂಡಿಗೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸತ್ತರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಫೋನ್ ಮಾಡಿದವರ ಹೆಸರು ಎಫ್‌ಐಆರ್‌ನಲ್ಲಿ ಬರುವುದಿಲ್ಲ. ಸ್ಥಳದಲ್ಲಿ ನಿಂತು ಕೆಲಸ ಹೇಳಿದ ನಿಮ್ಮ ಹೆಸರು ಬರುತ್ತದೆ.

ಕಾನೂನು ಪಕ್ಕಕ್ಕಿಡಿ. ಒಳಗಿರುವುದು ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗಾಳಿ. ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಜಾಸ್ತಿಯಾದಾಗ ಮೂಗೇ ಸತ್ತು ಹೋಗುತ್ತದೆ, ವಾಸನೆ ತಿಳಿಯುವುದಿಲ್ಲ. ‘ಈಗ ವಾಸನೆ ಹೋಯ್ತು, ಇಳಿಯಬಹುದು’ ಅಂದುಕೊಳ್ಳುವುದು ಅಲ್ಲೇ. ಒಬ್ಬ ಬಿದ್ದ ಅಂತ ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಇಂಥ ಸುದ್ದಿಯಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತರು ಅಂತ ಬರುವುದು ಇದಕ್ಕೇ. ಬೆಂಕಿಕಡ್ಡಿ ಗೀರಿ ಗಾಳಿ ನೋಡುವವರೂ ಇದ್ದಾರೆ. ಮೀಥೇನ್ ಇದ್ದರೆ ಅಲ್ಲೇ ಹೊತ್ತಿಕೊಳ್ಳುತ್ತದೆ.

ಈಗ ಮಾಡಬೇಕಾದ್ದು: ಶೌಚಾಲಯಕ್ಕೆ ಬೀಗ ಹಾಕಿಸಿ. ಪಕ್ಕದ ಊರಿನ ನಗರಸಭೆಯ ಮಷಿನ್ ಕೇಳಿ ಮುಖ್ಯಾಧಿಕಾರಿಗಳಿಂದ ಒಂದು ಪತ್ರ ಬರೆಸಿ, ಅದರ ಪ್ರತಿ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಹೋಗಲಿ. ಪತ್ರ ಹೊರಟ ಮೇಲೆ ‘ಐದು ನಿಮಿಷದ ಕೆಲಸ’ ಅನ್ನುವವರ ಧ್ವನಿ ತಾನೇ ಇಳಿಯುತ್ತದೆ.

ನಿವೃತ್ತ ದಫೇದಾರ:

ನಾನು 31 ವರ್ಷ ಇದೇ ಕೆಲಸದಲ್ಲಿದ್ದವನು. ಎಂಟು ವರ್ಷ ಪೊರಕೆ ಹಿಡಿದೆ, ಆಮೇಲೆ ದಫೇದಾರ, ಅಂದರೆ ಪೌರಕಾರ್ಮಿಕರ ಮೇಸ್ತ್ರಿ, ಆದೆ. ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ, ಉದ್ದ ಆದರೆ ಬೈಯಬೇಡಿ.

ತಂಗಿ, ನೀವು ಬೀದಿಯನ್ನು ಮೀಟರಿನಲ್ಲಿ ಅಳೆದಿರಿ. ತಪ್ಪಾಗಿದ್ದು ಅಲ್ಲಿ. ಬೀದಿಯನ್ನು ಬುಟ್ಟಿಯಲ್ಲಿ ಅಳೆಯಬೇಕು. ಒಂದು ಬೀದಿ ಗುಡಿಸಿದರೆ ಎಷ್ಟು ಬುಟ್ಟಿ ಕಸ ಏಳುತ್ತದೆ, ಆ ಬುಟ್ಟಿಯನ್ನು ಎಷ್ಟು ದೂರ ಹೊರಬೇಕು, ತಳ್ಳುಗಾಡಿ ಎಲ್ಲಿವರೆಗೆ ಹೋಗುತ್ತದೆ. ಅದು ಲೆಕ್ಕ. ಹೊಸ ಬಡಾವಣೆಯಲ್ಲಿ 600 ಮೀಟರ್ ಅಂದರೆ ಎರಡು ಬುಟ್ಟಿ. ಸಂತೆಯ ಮಾರನೇ ದಿನ ಸಂತೆ ಮೈದಾನದ ರಸ್ತೆಯಲ್ಲಿ 100 ಮೀಟರಿಗೇ ಹದಿನೈದು ಬುಟ್ಟಿ, ಅದೂ ಕೊಳೆತ ಕೋಸಿನ ಎಲೆ, ನೀರು ಸೋರುತ್ತಿರುತ್ತದೆ, ಭಾರ.

ಕಾಲವೂ ಲೆಕ್ಕಕ್ಕೆ ಬರಬೇಕು. ನೀವು ಚೀಟಿ ಎತ್ತಿಸಿದ್ದು ಶಿವರಾತ್ರಿ ಆಸುಪಾಸು ಇರಬೇಕು, ಅಲ್ವಾ? ಆಗ ಹೊಂಗೆ ಮರ ಎಲೆ ಉದುರಿಸುತ್ತದೆ. ಸಾಲು ಹೊಂಗೆ ಇರುವ ಬೀದಿ ಯಾರ ಪಾಲಿಗೆ ಬಂತೋ ಅವರ ಗತಿ ನೆನೆಸಿಕೊಳ್ಳಿ. ಗುಡಿಸಿ ಹಿಂದೆ ತಿರುಗಿದರೆ ಮತ್ತೆ ಅಷ್ಟೇ ಎಲೆ. ಒಂಬತ್ತು ಗಂಟೆಗೆ ಬಂದು ನೋಡಿದವರು ‘ಗುಡಿಸೇ ಇಲ್ಲ’ ಅಂತ ಫೋನ್ ಮಾಡುತ್ತಾರೆ. ಯುಗಾದಿ ಹೊತ್ತಿಗೆ ಅದೇ ಬೀದಿ ಊರಲ್ಲೆಲ್ಲ ಸುಲಭದ ಬೀದಿ.

ಇನ್ನು ಪೇಟೆ ಬೀದಿಯ ಆ ಹೆಣ್ಣುಮಗಳು. 19 ವರ್ಷ ಅಂದಿರಿ. ಯಾವ ಅಂಗಡಿಯವನು ಎಷ್ಟು ಹೊತ್ತಿಗೆ ಬಾಗಿಲು ತೆಗೆದು ಕಸ ರಸ್ತೆಗೆ ತಳ್ಳುತ್ತಾನೆ, ಯಾವ ಚಪ್ಪಡಿ ಅಲ್ಲಾಡುತ್ತದೆ, ಯಾವ ಮನೆಯ ನಾಯಿ ಕಚ್ಚುತ್ತದೆ, ಎಲ್ಲ ಆಕೆಗೆ ಗೊತ್ತು. ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಬೆಳಿಗ್ಗೆ ಆರಕ್ಕೆ ಬರುವ ಹೆಣ್ಣುಮಕ್ಕಳು ನಾಲ್ಕೂವರೆಗೇ ಎದ್ದಿರುತ್ತಾರೆ. ಅವರು ಬಚ್ಚಲಿಗೆ ಎಲ್ಲಿ ಹೋಗಬೇಕು? ನನ್ನ ಬೀಟಿನಲ್ಲಿ ಒಬ್ಬಾಕೆ ಬೀದಿ ಬದಲಾಯಿಸಿದ್ದಕ್ಕೆ ಅತ್ತಿದ್ದಳು. ನಾನೂ ನಿಮ್ಮ ಹಾಗೇ ‘ಸೋಮಾರಿತನ’ ಅಂದುಕೊಂಡೆ. ಆಮೇಲೆ ನನ್ನ ಹೆಂಡತಿ ವಿಚಾರಿಸಿ ಹೇಳಿದಳು. ಹಳೆ ಬೀದಿಯಲ್ಲಿ ಒಂದು ಹೋಟೆಲಿನ ಹಿಂದಿನ ಬಚ್ಚಲು ಬಳಸಲು ಆಕೆಗೆ ಬಿಡುತ್ತಿದ್ದರು. ಹೊಸ ಬೀದಿಯಲ್ಲಿ ಯಾರೂ ಬಿಡುವುದಿಲ್ಲ. ಅದಕ್ಕೇ ಆಕೆ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೆಲಸ ಮಾಡುತ್ತಿದ್ದಳು. ನಾಚಿಕೆಯಾಯಿತು ನನಗೆ. ಪ್ರತಿ ಬೀಟಿಗೂ ಒಂದು ಶೌಚಾಲಯ ಗೊತ್ತು ಮಾಡದೆ ಬೀಟ್ ಬದಲಿಸಬೇಡಿ. ಕಲ್ಯಾಣ ಮಂಟಪ, ಸೊಸೈಟಿ ಆಫೀಸು, ಸರ್ಕಾರಿ ಶಾಲೆ, ನೀವು ಹೋಗಿ ಕೇಳಿದರೆ ಕೊಡುತ್ತಾರೆ. ಅವರು ಕೇಳಿದರೆ ಕೊಡುವುದಿಲ್ಲ. ಇದು ನಮ್ಮೂರುಗಳ ಹಣೆಬರಹ.

ಪೊರಕೆ ಕಾಲ ಹತ್ತಿರ ಇಟ್ಟರಲ್ಲ, ಅದು ಅವಮಾನ ಅಲ್ಲ. ತೆಗೆದುಕೊಳ್ಳಿ. ನಿಜವಾಗಿ ಒಂದು ದಿನ ಗುಡಿಸಿ. ಫೋಟೋ ತೆಗೆಸುವ ಗುಡಿಸುವಿಕೆ ಬೇಡ. ಅದನ್ನು ಅವರು ಬೇಕಾದಷ್ಟು ನೋಡಿದ್ದಾರೆ, ಪ್ರತಿ ಅಕ್ಟೋಬರ್ 2ಕ್ಕೆ.

ಗ್ಲೌಸ್, ಬೂಟು ಯಾಕೆ ಹಾಕಲ್ಲ ಅಂತ ಮುಂದೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಸ್ಟೋರಿನಲ್ಲಿ ಬಂದಿರುವ ಗಮ್‌ಬೂಟಿನ ನಂಬರ್ ನೋಡಿ. ಎಲ್ಲ ಎಂಟು, ಒಂಬತ್ತು. ನಿಮ್ಮಲ್ಲಿ ಹೆಂಗಸರು ಎಷ್ಟು ಜನ? ಅವರ ಕಾಲು ನಾಲ್ಕು, ಐದು. ಎಂಟರ ಬೂಟು ಹಾಕಿಕೊಂಡು ಚರಂಡಿ ಪಕ್ಕ ನಡೆದರೆ ಬೂಟು ಅಲ್ಲೇ ಉಳಿಯುತ್ತದೆ, ಕಾಲು ಈಚೆ ಬರುತ್ತದೆ. ಇಂಡೆಂಟ್ (ಸಾಮಾನಿನ ಬೇಡಿಕೆ ಪಟ್ಟಿ) ಬರೆಯುವ ಮುಂಚೆ ಪ್ರತಿಯೊಬ್ಬರ ಅಳತೆ ಬರೆದುಕೊಳ್ಳಿ.

ಚರಂಡಿ ಹೂಳು ಇನ್ನೊಂದು. ಮುಂಗಾರಿಗೆ ಮುಂಚೆ ಎತ್ತಿಸಬೇಕು, ಎಲ್ಲರೂ ಎತ್ತಿಸುತ್ತಾರೆ. ಎತ್ತಿ ದಡಕ್ಕೆ ಹಾಕಿ, ನೀರಿಳಿಯಲಿ ಅಂತ ಬಿಡುತ್ತಾರೆ. ಮಾರನೇ ದಿನ ಟ್ರ್ಯಾಕ್ಟರ್ ಬರುವುದಿಲ್ಲ. ಒಂದು ಮಳೆ ಬಂದರೆ ಎಲ್ಲ ವಾಪಸ್ ಚರಂಡಿಗೆ. ಅದೇ ಹೂಳನ್ನು ಅದೇ ಮನುಷ್ಯ ಮತ್ತೆ ಎತ್ತಬೇಕು. ಟ್ರ್ಯಾಕ್ಟರ್ ಯಾವ ದಿನ ಅಂತ ಖಾತ್ರಿಯಾಗದೆ ಗುದ್ದಲಿ ಹಾಕಿಸಬೇಡಿ.

ಕೊನೆಗೆ, ಪುರಸಭೆ ಸದಸ್ಯರು ‘ನಮ್ಮ ಸೈಟಿನ ಕಳೆ ಕೀಳಲು ಇಬ್ಬರನ್ನು ಕಳಿಸಿ’ ಅನ್ನುವ ದಿನ ಬರುತ್ತದೆ. ಇಲ್ಲ ಅನ್ನಬೇಡಿ. ‘ಆಯ್ತು ಸಾರ್, ಒಂದು ಅರ್ಜಿ ಕೊಡಿ, ನಂಬರ್ ಹಾಕಿಸಿ ಕಳಿಸುತ್ತೇನೆ’ ಅನ್ನಿ. 31 ವರ್ಷದಲ್ಲಿ ಒಂದು ಅರ್ಜಿಯೂ ಬಂದಿಲ್ಲ.

ಟಿಪ್ಪರ್ ಡ್ರೈವರ್:

ದಫೇದಾರ್ ಅಣ್ಣ ಹೇಳಿದ್ದು ಸರಿ. ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ.

ಆಟೋ ಟಿಪ್ಪರ್‌ಗೆ ಹಸಿ ಕಸ, ಒಣ ಕಸ ಅಂತ ಮಧ್ಯೆ ತಗಡು ಇರುತ್ತದೆ. ಜನ ಎರಡನ್ನೂ ಒಂದೇ ಕವರಿನಲ್ಲಿ ಕಟ್ಟಿ ಕೊಡುತ್ತಾರೆ. ನಮ್ಮ ಗಾಡಿಯಲ್ಲಿರುವ ಅಕ್ಕ ವಾಪಸ್ ಕೊಟ್ಟರೆ, ‘ನೀನು ಯಾರೇ ಹೇಳೋಕೆ’ ಅಂತಾರೆ. ಒಂದು ಮನೆಯಲ್ಲಂತೂ ಕವರ್ ತೆಗೆದು ಅವಳ ಮುಂದೆಯೇ ಸುರಿದರು. ಡೈಪರ್, ಅನ್ನ, ಒಡೆದ ಬಲ್ಬು ಎಲ್ಲ ಒಟ್ಟಿಗೆ. ಅವಳ ಬೆರಳು ಕುಯ್ದು ಮೂರು ಹೊಲಿಗೆ ಬಿತ್ತು.

ಆಮೇಲೆ ನಮ್ಮ ನಿರೀಕ್ಷಕರು ಒಂದು ಕೆಲಸ ಮಾಡಿದರು. ಎರಡೇ ಬೀದಿ ಆರಿಸಿಕೊಂಡು ಒಂದು ವಾರ ಗಾಡಿ ಜೊತೆ ತಾವೇ ನಡೆದರು. ಬೆರೆಸಿದ ಕಸ ಬೇಡ ಅಂತ ಹೇಳುವುದು ಅವರ ಬಾಯಿಂದ, ನಮ್ಮ ಬಾಯಿಂದ ಅಲ್ಲ. ಬೈಗುಳ ಅವರಿಗೇ ಬಿತ್ತು. ಎಂಟನೇ ದಿನ ಆ ಎರಡು ಬೀದಿ ಸರಿಹೋಯಿತು. ಆಮೇಲೆ ಮುಂದಿನ ಎರಡು ಬೀದಿ. ಇಡೀ ಊರಿಗೆ ಒಂದೇ ದಿನ ಮೈಕ್‌ನಲ್ಲಿ ಕೂಗಿದಾಗ ಏನೂ ಆಗಿರಲಿಲ್ಲ.

ಬೆರಳಚ್ಚು ಹಾಜರಿ ಇದ್ದರೆ ಅದನ್ನೂ ನೋಡಿ ಮೇಡಂ. ಸಲಿಕೆ ಹಿಡಿದು ಹಿಡಿದು ಬೆರಳಿನ ಗೆರೆ ಸವೆದಿರುತ್ತದೆ, ಮಷಿನ್ ಹಿಡಿಯುವುದಿಲ್ಲ. ಕೈ ಒರೆಸಿಕೊಂಡು ಆರು ಸಲ ಒತ್ತುತ್ತಾರೆ. ಆಮೇಲೆ ಸಂಬಳದಲ್ಲಿ ನಾಲ್ಕು ದಿನ ಕಟ್.

ಹೊಸ ನಿರೀಕ್ಷಕಿ:

ಮೂರು ವಾರ ಆಯಿತು. ಏನಾಯಿತು ಅಂತ ಹೇಳಬೇಕಲ್ಲ.

ಗುಂಡಿ: ಪತ್ರ ಹೋಯಿತು, ಪಕ್ಕದ ಊರಿನ ಮಷಿನ್ ಮೂರನೇ ದಿನ ಬಂತು. ಒಳಗೆ ಸಿಕ್ಕಿದ್ದು ಒಂದು ಗೋಣಿಚೀಲ, ಎರಡು ಪ್ಲಾಸ್ಟಿಕ್ ಮಗ್. ಫೋನ್ ಮಾಡುತ್ತಿದ್ದವರು ಮತ್ತೆ ಮಾಡಿಲ್ಲ.

ಅಕ್ಕನ ಹತ್ತಿರ ಎಲ್ಲರೆದುರೇ ತಪ್ಪಾಯಿತು ಅಂದೆ. ಬೈದದ್ದು ಎಲ್ಲರೆದುರು ತಾನೇ. ಅವರು ಏನೂ ಹೇಳಲಿಲ್ಲ, ‘ನಾಳೆ ಐದೂಮುಕ್ಕಾಲಿಗೆ ಬನ್ನಿ’ ಅಂದರು. ಹೋದೆ. ಪೇಟೆ ಬೀದಿಯಲ್ಲಿ ಗಣೇಶನ ಗುಡಿಯಿಂದ ಬ್ಯಾಂಕಿನವರೆಗೆ, ಹೆಚ್ಚೆಂದರೆ 80 ಮೀಟರ್, ನಾನು ಗುಡಿಸಿದೆ. ನಲವತ್ತು ನಿಮಿಷ ಹಿಡಿಯಿತು. ಗಾಳಿಗೆ ಎದುರಾಗಿ ಗುಡಿಸುತ್ತಿದ್ದೆ, ಧೂಳೆಲ್ಲ ನನ್ನ ಮುಖಕ್ಕೇ. ‘ಈ ಕಡೆ ತಿರುಗಿ’ ಅಂತ ಭುಜ ಹಿಡಿದು ತಿರುಗಿಸಿದರು. ಬಲಗೈ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತು. ಅವರ ಪೊರಕೆಯಲ್ಲಿ ಏಳಲಿಲ್ಲ, ಸ್ಟೋರಿನಿಂದ ತಂದ ನನ್ನ ಪೊರಕೆಯಲ್ಲಿ ಎದ್ದಿತು! ನೋಡಿದರೆ ಅವರೆಲ್ಲ ನಾವು ಕೊಡುವ ಕಡ್ಡಿ ಪೊರಕೆಯನ್ನು ಮನೆಗೆ ಒಯ್ದು ಬಿಚ್ಚಿ, ಮತ್ತೆ ಕಟ್ಟಿಕೊಂಡು ತರುತ್ತಾರಂತೆ. ಬಿದಿರಿನ ಕೋಲು ಅವರದೇ ದುಡ್ಡು. ಕೋಲಿಗೆ 40 ರೂಪಾಯಿ. ಐದು ತಿಂಗಳಿಂದ ಪೊರಕೆಗೆ ಇಂಡೆಂಟ್ ಹಾಕುತ್ತಿದ್ದೇನೆ, ಕೋಲಿಗೆ ಹಾಕಬೇಕು ಅಂತ ನನಗೆ ಗೊತ್ತೇ ಇರಲಿಲ್ಲ.

ಈಗ ಬುಟ್ಟಿ ಲೆಕ್ಕ ಬರೆಯುತ್ತಿದ್ದೇನೆ. ಹಳೆಯ ಹಂಚಿಕೆಗೇ ವಾಪಸ್ ಹೋದೆವು, ಆದರೆ ಪೂರ್ತಿ ಅಲ್ಲ. ನಾಲ್ಕು ಬೀದಿ ಇದ್ದ ಒಬ್ಬರಿಗೆ ನಿಜಕ್ಕೂ ಜಾಸ್ತಿ ಇತ್ತು, ಆರು ದಿನದ ಲೆಕ್ಕ ನೋಡಿ ಎಲ್ಲರೂ ಒಪ್ಪಿದರು. ಒಂದು ಬೀದಿ ಕಡಿಮೆ ಮಾಡಿದೆವು. ಸಂತೆ ಮಾರನೇ ದಿನಕ್ಕೆ ಆರು ಜನ ಒಟ್ಟಿಗೆ. ಶೌಚಾಲಯಕ್ಕೆ ಏಳು ಕಡೆ ಕೇಳಿದೆ, ಐದು ಕಡೆ ಒಪ್ಪಿದರು. ಒಂದು ಕಡೆ ಮಾತ್ರ ‘ನೀವಾದರೆ ಬನ್ನಿ ಮೇಡಂ, ಅವರು ಬೇಡ’ ಅಂದರು. ನನಗೂ ಬೇಡ ಅಂತ ಬಂದೆ.

ಬೂಟಿನ ಅಳತೆ ಬರೆದುಕೊಂಡೆ. 21 ಹೆಂಗಸರಲ್ಲಿ 17 ಜನಕ್ಕೆ ನಾಲ್ಕು ಅಥವಾ ಐದು. ಸ್ಟೋರಿನಲ್ಲಿ ಏಳಕ್ಕಿಂತ ಚಿಕ್ಕದು ಒಂದೂ ಇಲ್ಲ.

ದಫೇದಾರ್ ಅಣ್ಣ, ಒಂದು ಸಣ್ಣ ಪ್ರಶ್ನೆ. ಕೋಲಿಗೆ ಪೊರಕೆ ಕಟ್ಟಲು ಅಕ್ಕ ತಂತಿ ಬೇಡ ಅನ್ನುತ್ತಾರೆ. ಸ್ಟೋರಿನವರು ತಂತಿಯೇ ಕೊಡುತ್ತಾರೆ. ಏನು ತರಿಸಲಿ?

ನಿವೃತ್ತ ದಫೇದಾರ:

ತಂತಿ ಕೈಗೆ ಚುಚ್ಚುತ್ತದೆ, ಆಮೇಲೆ ತುಕ್ಕು. ಹಳೆ ಸೈಕಲ್ ಟ್ಯೂಬ್ ತರಿಸಿ. ಪಂಕ್ಚರ್ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ. ಬೆರಳಗಲ ಪಟ್ಟಿ ಕತ್ತರಿಸಿ, ನೀರಲ್ಲಿ ನೆನೆಸಿದ ಪೊರಕೆಗೆ ಎಳೆದು ಸುತ್ತಬೇಕು. ಬೈಕಿನ ಟ್ಯೂಬ್ ಬೇಡ, ದಪ್ಪ, ಗಂಟು ಕೂರುವುದಿಲ್ಲ.